ಮೇಷ್ಟ್ರಿಗೆ ಕೊಡಬೇಕಿದ್ದ ಪ್ರಬಂಧ

ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರ ಕನ್ನಡ ಮೇಷ್ಟ್ರು ಪ್ರತಿ ವರ್ಷ ಒಂದೇ ಪ್ರಬಂಧ ಬರೆಸುತ್ತಿದ್ದರು. ‘ನಾನು ಬೇಸಿಗೆ ರಜೆ ಕಳೆದ ಬಗೆ’. 1985ರಲ್ಲಿ ಒಂಬತ್ತನೇ ಕ್ಲಾಸಿಗೆ ಬಂದಾಗ ನಾನು ಮೈಸೂರಿಗೆ ಹೋಗಿದ್ದೆ ಅಂತ ಎರಡು ಪುಟ ಬರೆದೆ. ಅರಮನೆ ನೋಡಿದೆ, ಚಾಮುಂಡಿ ಬೆಟ್ಟ ಹತ್ತಿದೆ, ಬೃಂದಾವನದಲ್ಲಿ ಬಣ್ಣದ ಕಾರಂಜಿ ನೋಡಿದೆ ಅಂತೆಲ್ಲ. ಆಗ ನಾನು ಮೈಸೂರನ್ನೇ ನೋಡಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಹೋಗಿ ಬಂದಿದ್ದಳು. ಅವಳು ಹೇಳಿದ್ದನ್ನೇ ನಾನು ನೋಡಿದಂತೆ ಬರೆದಿದ್ದೆ.

ಮೇಷ್ಟ್ರು ಕ್ಲಾಸಿನಲ್ಲಿ ಏನೂ ಅನ್ನಲಿಲ್ಲ. ಬೆಲ್ ಹೊಡೆದ ಮೇಲೆ ಕರೆದು ಪುಸ್ತಕ ಕೈಗೆ ಕೊಟ್ಟರು. “ನಿಮ್ಮಪ್ಪ ಲಗ್ನದ ಸೀಸನ್ನಲ್ಲಿ ಅಂಗಡಿ ಬಿಟ್ಟು ಅಲ್ಲಾಡಲ್ಲ. ನನ್ನ ಷರ್ಟು ಹೊಲಿಯೋದೂ ಅವರೇ, ನಂಗೊತ್ತಿಲ್ವಾ?” ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಅವರು ತಲೆ ಮೇಲೆ ಕೈ ಇಟ್ಟು ಹೇಳಿದರು, “ಮೈಸೂರು ನಾನೂ ನೋಡಿದೀನಿ ಕಣಮ್ಮ. ನಿಮ್ಮನೆ ಮಾಳಿಗೆ ನೋಡಿಲ್ಲ. ಬರೋ ಬೇಸಿಗೇಲಿ ಅದನ್ನ ಚೆನ್ನಾಗಿ ನೋಡು. ನೋಡಿ ನನಗೆ ಬರೆದು ಕೊಡು.”

ನಮ್ಮ ಶಾಲೆಯ ಪತ್ರಿಕೆಗೆ ನೆನಪು ಬರೆದುಕೊಡಿ ಅಂತ ಫೋನ್ ಬಂದಾಗ ನನಗೆ ಬೇರೆ ಯಾವ ವಿಷಯವೂ ಹೊಳೆಯಲಿಲ್ಲ. ಆ ಪ್ರಬಂಧ ಇನ್ನೂ ಬಾಕಿ ಇದೆ. 1986ರ ಬೇಸಿಗೆಯದು.

ನಮ್ಮ ಮನೆ ಇದ್ದದ್ದು ಚಿತ್ರದುರ್ಗದ ಬುರುಜನಹಟ್ಟಿಯಲ್ಲಿ, ಕೋಟೆಯ ಬುಡದಲ್ಲಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಬೇವಿನ ಮರದ ತೊಲೆ, ಅದರ ಮೇಲೆ ಸಾಲಾಗಿ ಜಂತೆ, ಜಂತೆ ಮೇಲೆ ಸೊಪ್ಪು ಸದೆ, ಅದರ ಮೇಲೆ ಮಣ್ಣು. ಇದೇ ಮಾಳಿಗೆ ಮನೆ. ನಮ್ಮದು ಮಳೆ ಕಮ್ಮಿ, ಬಿಸಿಲು ಜಾಸ್ತಿ ಇರುವ ಸೀಮೆ. ಹೊರಗೆ ಕಲ್ಲು ಕಾದು ಕಾಲಿಡೋಕೆ ಆಗದಿದ್ದರೂ ಒಳಗೆ ತಣ್ಣಗಿರುತ್ತಿತ್ತು. ನಡುಮನೆಯ ಸೂರಿನಲ್ಲಿ ಒಂದು ಗವಾಕ್ಷಿ ಇತ್ತು. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ತಟ್ಟೆಯಷ್ಟು ಗುಂಡಗೆ ಬೀಳುತ್ತಿತ್ತು. ಬೆಳಿಗ್ಗೆ ಗೋಡೆಯ ಮೇಲಿದ್ದದ್ದು ಮೆಲ್ಲಗೆ ಕೆಳಗಿಳಿದು ನೆಲದ ಮೇಲೆ ಹರಿದಾಡಿ ಒರಳಿನ ಹತ್ತಿರ ಬರುತ್ತಿತ್ತು. ಅಜ್ಜಿಗೆ ಅದೇ ಗಡಿಯಾರ. “ಬಿಸಿಲು ಒರಳಿಗೆ ಬಂತು, ಮುದ್ದೆಗೆ ಎಸರಿಡ್ರೇ” ಅನ್ನುತ್ತಿದ್ದಳು.

ಆಗ ಏಪ್ರಿಲ್ 10ಕ್ಕೆ ರಿಸಲ್ಟು. ಪಾಸಾದ ಸುದ್ದಿ ತಂದ ದಿನ ಸಂಜೆಗೇ ಅತ್ತೆಯರು ತವರಿಗೆ ಬಂದಿಳಿಯುತ್ತಿದ್ದರು. ದಾವಣಗೆರೆ ಅತ್ತೆಗೆ ಮೂರು ಮಕ್ಕಳು, ಹಿರಿಯೂರು ಅತ್ತೆಗೆ ಇಬ್ಬರು. ನಾನು, ನನ್ನ ತಮ್ಮ. ಕಾಲೇಜು ಓದುತ್ತಿದ್ದ ಚಿಕ್ಕಪ್ಪನನ್ನೂ ಸೇರಿಸಿದರೆ ಎಂಟು ಜನ. ಆಗ ದಾವಣಗೆರೆಯೂ ನಮ್ಮ ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಆ ಅತ್ತೆ ಯಾವತ್ತೂ ಬರಿಗೈಲಿ ಬಂದವಳಲ್ಲ. ಅರ್ಧ ಮೂಟೆ ಮಂಡಕ್ಕಿ ಬಸ್ಸಿನ ಟಾಪ್ ಮೇಲೆ ಹಾಕಿಸಿಕೊಂಡು ಬರುತ್ತಿದ್ದಳು. ಮಾವ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ಭತ್ತ ನೆನೆಸಿ, ಹುರಿದು, ಹೊಟ್ಟು ತೆಗೆದು, ಆಮೇಲೆ ಆ ಅಕ್ಕಿಯನ್ನು ಕಾದ ಮರಳಿಗೆ ಹಾಕಿದಾಗ ಅದು ಒಂದೇ ಗಳಿಗೆಯಲ್ಲಿ ಅರಳಿ ಮಂಡಕ್ಕಿ ಆಗುವುದನ್ನು ಅತ್ತೆ ಕೈ ಆಡಿಸಿ ಆಡಿಸಿ ತೋರಿಸುತ್ತಿದ್ದಳು. ಬೇಸಿಗೆಯಲ್ಲಿ ಆ ಭಟ್ಟಿ ಮುಂದೆ ನಿಲ್ಲೋದು ಎಂಥ ಕಷ್ಟ ಅಂತಲೂ ಹೇಳುತ್ತಿದ್ದಳು. ಮಾವ ರಜೆಗೆ ಬಂದದ್ದು ನನಗೆ ನೆನಪೇ ಇಲ್ಲ.

ಅತ್ತೆಯರು ಬಂದ ಮೇಲೆ ಮನೆಯ ಕೆಲಸವೆಲ್ಲ ಮಾಳಿಗೆಗೆ ಏರುತ್ತಿತ್ತು. ಮೊದಲು ಸಂಡಿಗೆ. ಅಕ್ಕಿಯನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಒರಳಲ್ಲಿ ರುಬ್ಬಿ ಇಟ್ಟಿರುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಹಿಟ್ಟು ಕಾಸುತ್ತಿದ್ದರು. ಆ ಹೊತ್ತಿಗೆ ನಾವೆಲ್ಲ ಎದ್ದು ಒಲೆ ಸುತ್ತ ಕೂತಿರುತ್ತಿದ್ದೆವು. ಬಿಸಿ ಹಿಟ್ಟಿಗೆ ಒಂದು ಚಮಚ ಕಡ್ಲೆಕಾಯಿ ಎಣ್ಣೆ ಹಾಕಿ ಅಜ್ಜಿ ಎಲ್ಲರ ಅಂಗೈಗೂ ಒಂದೊಂದು ಉಂಡೆ ಇಡುತ್ತಿದ್ದಳು. ಆ ರುಚಿ ಒಣಗಿದ ಸಂಡಿಗೆಗೆ ಇಲ್ಲ. ನನ್ನ ಮಟ್ಟಿಗೆ ಸಂಡಿಗೆ ಮಾಡುವುದೇ ಆ ಒಂದು ಉಂಡೆಗೋಸ್ಕರ.

ಮಾಳಿಗೆ ಮೇಲೆ ಅಜ್ಜನ ಹಳೆಯ ಪಂಚೆಗಳನ್ನು ಒದ್ದೆ ಮಾಡಿ ಹಾಸುತ್ತಿದ್ದರು. ನಾಲ್ಕು ಮೂಲೆಗೂ ಕಲ್ಲು. ಅಮ್ಮ ಚಕ್ಕುಲಿ ಒರಳು ಒತ್ತುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಳು. ಬಿಸಿಲೇರುವ ಹೊತ್ತಿಗೆ ಇಡೀ ಪಂಚೆ ತುಂಬಿರುತ್ತಿತ್ತು. ಆಮೇಲೆ ಕಾಯುವ ಕೆಲಸ ನಮ್ಮದು. ಬೇರೆ ಊರಿನವರಿಗೆ ಕಾಗೆಯ ಕಾಟ ಅಷ್ಟೇ. ನಮಗೆ ಕೋತಿಗಳೂ ಇದ್ದವು. ಕೋಟೆಯಿಂದ ಇಳಿದು ಮಾಳಿಗೆಯಿಂದ ಮಾಳಿಗೆಗೆ ಹಾರಿಕೊಂಡು ಬರುತ್ತಿದ್ದವು. ಒಬ್ಬರು ಕೊಡೆ ಹಿಡಿದು, ಒಬ್ಬರು ಕೋಲು ಹಿಡಿದು ಪಾಳಿಯಲ್ಲಿ ಕೂರುತ್ತಿದ್ದೆವು. ಸಂಜೆ ಪಂಚೆಯನ್ನು ಮಗುಚಿ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ಪಟಪಟ ಬಿಡುತ್ತಿತ್ತು. ಬಿಡಿಸುವಾಗ ಮುರಿದ ಚೂರೆಲ್ಲ ಬಿಡಿಸಿದವರಿಗೇ.

ನಾವು ಓಡಾಡಿದರೆ ಕೆಳಗೆ ಅಡುಗೆ ಮನೆಯಲ್ಲಿ ಜಂತೆ ಸಂದಿಯಿಂದ ಮಣ್ಣು ಉದುರುತ್ತಿತ್ತು. “ಕುಣೀಬ್ಯಾಡ್ರೋ, ಸಾರಿಗೆ ಮಣ್ಣು ಬೀಳ್ತೈತೆ!” ಅನ್ನೋ ಅಜ್ಜಿಯ ಕೂಗು ಗವಾಕ್ಷಿಯಿಂದ ಮೇಲೆ ಬರುತ್ತಿತ್ತು. ಅದಕ್ಕೇ ಮಧ್ಯಾಹ್ನ ನಮ್ಮನ್ನು ಕೆಳಗಿಳಿಸಿ ಹುಣಸೆಹಣ್ಣಿನ ಮುಂದೆ ಕೂರಿಸುತ್ತಿದ್ದರು. ಬೀಜ ತೆಗೆಯಬೇಕು, ನಾರು ಬಿಡಿಸಬೇಕು. ಬೀಜ ನಮ್ಮ ಆಸ್ತಿ. ಒಳ್ಳೆಯ ದಪ್ಪ ಬೀಜಗಳನ್ನು ಆರಿಸಿ, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ಚೌಕಾಬಾರಕ್ಕೆ ಇಟ್ಟುಕೊಳ್ಳುತ್ತಿದ್ದೆವು. ಉಜ್ಜಿದ ಕೂಡಲೇ ಬೀಜ ಸುಡುತ್ತಿತ್ತು. ಅದನ್ನು ಪಕ್ಕದವರ ಮೊಣಕೈಗೆ ಮುಟ್ಟಿಸಿ ಓಡುವುದೂ ಇತ್ತು.

ಚೌಕಾಬಾರದಲ್ಲಿ ಅಜ್ಜಿಯನ್ನು ಗೆದ್ದವರಿಲ್ಲ. ಎಂಟರ ಗರಕ್ಕೆ ಭಾರ ಅನ್ನೋದು, ಅದನ್ನು ಮೊದಲೇ ಹೇಳಿ ಹಾಕುತ್ತಿದ್ದಳು.

ಅಜ್ಜ ದಿನವೂ ಬೆಳಿಗ್ಗೆ ಕೋಟೆಗೆ ಹೋಗುತ್ತಿದ್ದ. ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆದು ಬರೆದು ಬೆನ್ನು ಬಾಗಿತ್ತು, ಆದರೆ ಮೆಟ್ಟಿಲು ಹತ್ತುವಾಗ ನಮಗಿಂತ ಮುಂದೆ. ಶಾಲೆಯಲ್ಲಿ ನಾವು ಓದಿದ್ದು ಮದಕರಿ ನಾಯಕ, ಹೈದರಾಲಿ, ಕೋಟೆ ಬಿದ್ದ 1779. ಅಜ್ಜ ಯುದ್ಧದ ಮಾತು ಆಡುತ್ತಿದ್ದದ್ದೇ ಕಮ್ಮಿ. ಅವನಿಗೆ ಬೇಕಾದದ್ದು ನೀರು. ಬಂಡೆಯ ಮೇಲೆ ಬಿದ್ದ ಮಳೆ ಎಲ್ಲಿಂದ ಇಳಿದು ಎಲ್ಲಿ ಸೇರುತ್ತೆ ಅಂತ ಕೋಲಿನಿಂದ ತೋರಿಸುತ್ತಿದ್ದ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ-ತಂಗಿ ಹೊಂಡ. ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ. ಕೊನೆಗೆ ಸಂತೆ ಹೊಂಡ. ಒಂದು ಹನಿಯೂ ಸುಮ್ನೆ ಹೋಗಬಾರದು ಅಂತ ಕಟ್ಟಿದ್ದು. “ನೀರು ದಾರಿ ಹುಡುಕ್ತೈತೆ ತಾಯಿ. ನಾವು ತೋರಿಸ್ದಿದ್ರೆ ಅದೇ ಮಾಡ್ಕಂತೈತೆ” ಅನ್ನುತ್ತಿದ್ದ.

ತಣ್ಣೀರು ದೋಣಿಯ ಹತ್ತಿರ ಬಂದರೆ ಎಲ್ಲರೂ ಕೂರಬೇಕು. ಸುತ್ತ ಬಂಡೆ ಬಿಸಿಯಾಗಿದ್ದರೂ ಅಲ್ಲಿಯ ನೀರು ತಣ್ಣಗಿರುತ್ತಿತ್ತು. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಬಂದಾಗಲೇ ಓಬವ್ವ ಕಿಂಡಿಯಲ್ಲಿ ಶತ್ರುಗಳನ್ನು ಕಂಡದ್ದು ಅಂತ ನಮ್ಮ ಊರಲ್ಲಿ ಹೇಳುತ್ತಾರೆ. ಪುಸ್ತಕದಲ್ಲಿ ಒನಕೆ ಇತ್ತು, ಕಿಂಡಿ ಇತ್ತು. ಅವಳ ಕೈಯಲ್ಲಿದ್ದ ಕೊಡವನ್ನು ನನಗೆ ಕಾಣಿಸಿದ್ದು ಅಜ್ಜ. ನನ್ನ ಅಮ್ಮ ದಿನಾ ಬೋರಿಂಗ್ ಹತ್ತಿರ ಕೊಡ ಹಿಡಿದು ನಿಲ್ಲುತ್ತಿದ್ದವಳು. ಅವತ್ತಿನಿಂದ ಓಬವ್ವ ನನಗೆ ನಮ್ಮ ಬೀದಿಯವಳಾದಳು.

ರಾತ್ರಿ ಊಟ ಆದ ಮೇಲೆ ಚಾಪೆ, ಕಂಬಳಿ, ದಿಂಬು, ನೀರಿನ ಹೂಜಿ ಎಲ್ಲ ಮೇಲಕ್ಕೆ. ಬಿಸಿಲಿಗೆ ಕಾದ ಮಾಳಿಗೆಗೆ ಅಮ್ಮ ನಾಲ್ಕು ಚೊಂಬು ನೀರು ಚಿಮುಕಿಸುತ್ತಿದ್ದಳು. ಮಣ್ಣಿನಿಂದ ಘಮ್ಮನೆ ವಾಸನೆ ಏಳುತ್ತಿತ್ತು. ಜೋಗಿಮಟ್ಟಿ ಕಡೆಯಿಂದ ಗಾಳಿ ಶುರುವಾಗುತ್ತಿತ್ತು. ಬೀದಿಯ ಎಲ್ಲ ಮಾಳಿಗೆಗಳ ಮೇಲೂ ಜನ. ಈ ಮಾಳಿಗೆಯಿಂದ ಆ ಮಾಳಿಗೆಗೆ ಮಾತು. ನಮ್ಮೂರ ದೇವತೆಗಳಾದ ಬರಗೇರಮ್ಮ, ತಿಪ್ಪಿನಘಟ್ಟಮ್ಮ ಇಬ್ಬರೂ ಅಕ್ಕ ತಂಗಿಯರು ಭೇಟಿಯಾಗುವ ಉತ್ಸವ ನಡೆಯೋದೂ ಬೇಸಿಗೆಯಲ್ಲೇ. ಆ ರಾತ್ರಿ ಮಾತ್ರ ಮಾಳಿಗೆಗಳೆಲ್ಲ ಖಾಲಿ, ಇಡೀ ಊರು ದೊಡ್ಡಪೇಟೆಯಲ್ಲಿ.

ಅಪ್ಪ ಬರುವುದು ತಡವಾಗುತ್ತಿತ್ತು. ಸಂತೆಪೇಟೆಯ ಅಂಗಡಿಯಲ್ಲಿ ಮದುಮಕ್ಕಳ ಬಟ್ಟೆ ಹೊಲಿದು ಮುಗಿಸಿ ಹನ್ನೊಂದಕ್ಕೋ ಹನ್ನೆರಡಕ್ಕೋ ಏಣಿ ಹತ್ತುತ್ತಿದ್ದ. ಅಂಗಿಯ ತುಂಬ ದಾರದ ಎಳೆ. ನಾವು ನಿದ್ದೆ ಬಂದವರಂತೆ ಮಲಗಿರುತ್ತಿದ್ದೆವು. ಅವನು ಒಬ್ಬೊಬ್ಬರ ಕಂಬಳಿ ಸರಿಮಾಡಿ, ತಲೆ ಎಣಿಸಿ, ಆಮೇಲೆ ಅಂಚಿನಲ್ಲಿ ಮಲಗುತ್ತಿದ್ದ. ಅಂಚಿನ ಕಡೆ ಯಾವಾಗಲೂ ಅಪ್ಪ, ಇನ್ನೊಂದು ಅಂಚಿಗೆ ಚಿಕ್ಕಪ್ಪ. ನಿದ್ದೆಗಣ್ಣಲ್ಲಿ ನಾವು ಉರುಳಿ ಬೀಳಬಾರದು ಅಂತ. ಇದು ನನಗೆ ಗೊತ್ತಾದದ್ದು ನಾನು ತಾಯಿಯಾದ ಮೇಲೆ.

ಆ ವರ್ಷ ಪೇಪರಿನಲ್ಲೆಲ್ಲ ಹ್ಯಾಲಿ ಧೂಮಕೇತುವಿನ ಸುದ್ದಿ. 76 ವರ್ಷಕ್ಕೊಮ್ಮೆ ಬರೋದು, ಏಪ್ರಿಲ್ 11ಕ್ಕೆ ಭೂಮಿಗೆ ಹತ್ತಿರ ಇರುತ್ತೆ ಅಂತ. ಚಿಕ್ಕಪ್ಪನಿಗೆ ಹುಚ್ಚು ಹಿಡಿದಿತ್ತು. ರಿಸಲ್ಟ್ ಬಂದ ದಿನವೇ ರಾತ್ರಿ ಎರಡು ಗಂಟೆಗೆ ಎಲ್ಲರನ್ನೂ ಎಬ್ಬಿಸಿದ. ಅಮಾವಾಸ್ಯೆ ಆಗಿ ಒಂದು ದಿನ ಕಳೆದಿತ್ತು ಅಷ್ಟೇ. ಗಾಢ ಕತ್ತಲೆ. ದಕ್ಷಿಣಕ್ಕೆ ಬೆಟ್ಟದ ಮೇಲೆ ಕೈ ತೋರಿಸಿ, “ಅಲ್ಲಿ, ಆ ಚೇಳಿನ ಚುಕ್ಕಿಗಳಿಂದ ಬಲಕ್ಕೆ, ಇನ್ನೂ ಕೆಳಗೆ” ಅಂದ. ನಮಗೆ ಏನೂ ಕಾಣಲಿಲ್ಲ. ದೊಡ್ಡ ಬಾಲ, ಬೆಂಕಿ ಅಂತ ಏನೇನೋ ಅಂದುಕೊಂಡಿದ್ದೆವು. ಬಹಳ ಹೊತ್ತು ನೋಡಿದ ಮೇಲೆ ಕಂಡಿತು. ಕನ್ನಡಿಗೆ ಉಸಿರು ಬಿಟ್ಟರೆ ಮೂಡುತ್ತಲ್ಲ, ಅಂಥ ಒಂದು ಮಬ್ಬು ಗುರುತು. ನೇರ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತಿತ್ತು.

ದಾವಣಗೆರೆ ಅತ್ತೆಯ ಮಗಳು ನನ್ನ ವಾರಿಗೆಯವಳು. “ಇಷ್ಟೇನಾ?” ಅಂದಳು. ಅಜ್ಜ ಮಾತ್ರ ಎದ್ದು ನಿಂತು ಕೈ ಮುಗಿದ. 1910ರಲ್ಲಿ ಅವನ ಅವ್ವ ಇದನ್ನೇ ನೋಡಿದ್ದಳಂತೆ. ಆಗ ಅವನಿನ್ನೂ ಹುಟ್ಟಿರಲಿಲ್ಲ. “ನಮ್ಮವ್ವ ನೋಡಿದ್ ಚುಕ್ಕಿ” ಅಂತ ಎರಡು ಸಲ ಅಂದ. ಅಜ್ಜನಿಗೂ ಒಬ್ಬಳು ಅವ್ವ ಇದ್ದಳು ಅನ್ನುವುದು ಆ ರಾತ್ರಿ ಮೊದಲ ಸಲ ನನ್ನ ತಲೆಗೆ ಬಂತು. ಅಪ್ಪ ಆಗ ತಾನೇ ಅಂಗಡಿಯಿಂದ ಬಂದಿದ್ದ. ಏಣಿಯ ಮೇಲೇ ನಿಂತು, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ನೋಡಿದ.

ನಿದ್ದೆ ಹಾರಿಹೋಗಿತ್ತು. ಅಜ್ಜ ಅವತ್ತು ತನ್ನ ಇನ್ನೊಂದು ಕಥೆ ತೆಗೆದ. ಅದು ಮಾರಿಕಣಿವೆ ಕೋಡಿ ಬಿದ್ದ ಕಥೆ. ಅಜ್ಜನ ಊರು ಹಿರಿಯೂರು ಕಡೆಯದು. ವೇದಾವತಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ವಾಣಿ ವಿಲಾಸ ಸಾಗರವನ್ನು ನಮ್ಮವರು ಯಾರೂ ಆ ಹೆಸರಿಂದ ಕರೆಯಲ್ಲ, ಮಾರಿಕಣಿವೆ ಅಂತಲೇ ಅನ್ನೋದು. ಕಟ್ಟಿ ಮುಗಿದದ್ದು 1907ರಲ್ಲಿ. ಅದು ತುಂಬಿ ಕೋಡಿ ಬಿದ್ದದ್ದು ಅಲ್ಲಿಯವರೆಗೆ ಒಂದೇ ಸಲ, 1933ರಲ್ಲಿ. ಆಗ ಅಜ್ಜನಿಗೆ 17 ವರ್ಷ. ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು ಗಾಡಿ ಹೂಡಿಕೊಂಡು ನೋಡಲು ಹೋಗಿದ್ದರಂತೆ. ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿದ್ದರಂತೆ. ಹೆಂಗಸರು ಕೋಡಿ ನೀರಿಗೆ ಅರಿಶಿನ ಕುಂಕುಮ ಬಿಟ್ಟರಂತೆ.

ನಮಗೆ ನಂಬಿಕೆ ಬರುತ್ತಿರಲಿಲ್ಲ. ನಾವು ಕಂಡದ್ದು ಬರಗಾಲ, ಬತ್ತಿದ ಬಾವಿ, ಬೋರಿಂಗ್ ಮುಂದೆ ಸಾಲು ಕೊಡ. ನಮ್ಮ ಸೀಮೆಯಲ್ಲಿ ಅಷ್ಟೊಂದು ನೀರು ಹೆಚ್ಚಾಗಿ ಹರಿದು ಹೋಗೋದು ಅಂದರೆ? “ಸುಳ್ಳು ಹೇಳಬ್ಯಾಡ ಅಜ್ಜ” ಅಂದಳು ಅತ್ತೆಯ ಮಗಳು. ಅಜ್ಜ ಸಿಟ್ಟಾಗಲಿಲ್ಲ. ಅವಳನ್ನು ಹತ್ತಿರ ಕರೆದು ಅವಳ ಎರಡೂ ಕಿವಿಗೆ ತನ್ನ ಅಂಗೈ ಗಟ್ಟಿಯಾಗಿ ಮುಚ್ಚಿದ. ಆಮೇಲೆ ನನಗೂ ಹಾಗೇ ಮಾಡಿದ. ಒಳಗೆ ಗುಂಯ್ ಅಂತ ಒಂದು ಮೊರೆತ. “ಹಿಂಗೇ ಕೇಳ್ತಿತ್ತು. ಪಕ್ಕದಾಗೆ ನಿಂತೋರ ಮಾತು ಕೇಳ್ತಿರ್ಲಿಲ್ಲ” ಅಂದ. ಅಜ್ಜನ ಅಂಗೈ ಒರಟಾಗಿತ್ತು. ಶೇಂಗಾ ಸಿಪ್ಪೆಯ ವಾಸನೆ ಬರುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಮಾಳಿಗೆಗೆ ಮಣ್ಣು ಹಾಕಬೇಕು. ಆ ವರ್ಷ ಒಂದು ಗಾಡಿ ಕರಲು ಮಣ್ಣು ತರಿಸಿದರು. ಏನೂ ಬೆಳೆಯದ ಚೌಳು ನೆಲದ ಮಣ್ಣು ಅದು. ಬೆಳ್ಳಗೆ ಬೂದಿಯಂತಿರುತ್ತೆ. ಹೊಲಕ್ಕೆ ಕೆಟ್ಟದ್ದು, ಮಾಳಿಗೆಗೆ ಅದೇ ಬೇಕು. ನೀರು ಬಿದ್ದ ಕೂಡಲೇ ಅಂಟಂಟಾಗಿ ಬಿಗಿದುಕೊಂಡು ಸಂದಿಯನ್ನೆಲ್ಲ ಮುಚ್ಚಿಬಿಡುತ್ತೆ, ಆಮೇಲೆ ನೀರನ್ನು ಕೆಳಗೆ ಬಿಡಲ್ಲ. ಗಾಡಿಯಿಂದ ಮಾಳಿಗೆಯವರೆಗೆ ನಾವೆಲ್ಲ ಸಾಲಾಗಿ ನಿಂತು ಪುಟ್ಟಿ ದಾಟಿಸಿದೆವು. ಕೆಳಗೆ ಅಮ್ಮ, ಏಣಿಯ ಮೇಲೆ ಚಿಕ್ಕಪ್ಪ, ಮೇಲೆ ಅತ್ತೆಯರು. ಅಜ್ಜ ಹಳೆಯ ಹುಲ್ಲು ಕಿತ್ತು, ಬಿರುಕು ಕೆರೆದು, ಮಣ್ಣು ಹರಡಿ ಕೊಡತಿಯಿಂದ ಹೆಂಟೆ ಒಡೆದ. ಆಮೇಲೆ ನಮ್ಮನ್ನು ಕರೆದು, “ಈಗ ಕುಣೀರಿ ಎಷ್ಟು ಬೇಕಾದ್ರೂ” ಅಂದ. ವರ್ಷವೆಲ್ಲ ಬೇಡ ಅಂದದ್ದನ್ನು ಆ ಒಂದು ದಿನ ಮಾಡಬಹುದಿತ್ತು. ಏಳು ಮಕ್ಕಳು ಕೈ ಕೈ ಹಿಡಿದು ಮಣ್ಣು ತುಳಿದೆವು. ಮೊಣಕಾಲಿನವರೆಗೂ ಬಿಳಿ. ಅಜ್ಜಿ ಅಡುಗೆ ಪಾತ್ರೆಯನ್ನೆಲ್ಲ ಅವತ್ತು ಜಗಲಿಗೆ ತಂದಿಟ್ಟುಕೊಂಡಿದ್ದಳು.

ಕೊನೆಗೆ ಅಜ್ಜ ಒಂದು ಚೊಂಬು ನೀರು ನಡುವೆ ಸುರಿದು ನೋಡಿದ. ನೀರು ಸ್ವಲ್ಪ ತಡವರಿಸಿ, ಆಮೇಲೆ ಮೂಲೆಯ ಕೊಳವೆಯ ಕಡೆ ಹರಿಯಿತು. ಕೋಟೆಯ ಮೇಲೆ ಕೋಲಿನಿಂದ ತೋರಿಸಿದ್ದನ್ನೇ ಮನೆಯ ಮೇಲೆ ಮಾಡಿದ್ದ.

ಭರಣಿ ಮಳೆ ಬಂದರೆ ಧರಣಿ ಎಲ್ಲಾ ಬೆಳೆ ಅಂತಾರಲ್ವಾ? ಆ ವರ್ಷ ಭರಣಿ ಮೇ ಮೊದಲ ವಾರ ರಾತ್ರಿ ಬಂತು. ಮೊದಲು ಗಾಳಿ, ಆಮೇಲೆ ದೂರದಲ್ಲಿ ಮಿಂಚು. ಮಿಂಚಿದಾಗಲೆಲ್ಲ ಕೋಟೆಯ ಬಂಡೆ, ಬುರುಜು, ಗೋಡೆ ಎಲ್ಲ ಬೆಳ್ಳಗೆ ಕಂಡು ಮರೆಯಾಗುತ್ತಿದ್ದವು. ಹನಿ ಬಿದ್ದ ತಕ್ಷಣ ಹಾಸಿಗೆ ಸುತ್ತಿಕೊಂಡು ದಡದಡ ಕೆಳಗಿಳಿದೆವು. ಕರೆಂಟು ಹೋಗಿತ್ತು. ಅಜ್ಜ ಮಾತ್ರ ಇಳಿಯಲಿಲ್ಲ. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಮೇಲೇ ಉಳಿದ.

ಕೆಳಗೆ ನಾವು ಲಾಟೀನು ಹಿಡಿದು ಕೋಣೆ ಕೋಣೆಗೂ ಹೋಗಿ ಸೂರು ನೋಡುತ್ತಿದ್ದೆವು. ದೇವರ ಕೋಣೆಯಲ್ಲಿ ಒಂದು ಹನಿ ಇಳಿಯಿತು. ನಾನು ಒನಕೆಯ ತುದಿಯಿಂದ ಆ ಜಾಗದ ಜಂತೆಗೆ ಟಕ್ ಟಕ್ ಅಂತ ಕುಟ್ಟಿದೆ. ಮೇಲಿಂದ ಅಜ್ಜ ಕಾಲಿನಿಂದ ಧಪ್ ಧಪ್ ಅಂತ ತುಳಿದ. “ಇನ್ನೂ ಈ ಕಡೆ ಅಜ್ಜ!” ಅಂತ ಗವಾಕ್ಷಿಗೆ ಬಾಯಿಟ್ಟು ಕೂಗಿದೆ. ಮತ್ತೆ ಧಪ್ ಧಪ್. ನಾನು ಮತ್ತೆ ಟಕ್ ಟಕ್. ಹೀಗೇ ಹುಡುಕುತ್ತಾ ಹುಡುಕುತ್ತಾ ಅವನ ಹೆಜ್ಜೆ ನನ್ನ ಒನಕೆಯ ತುದಿಗೇ ಬಂದು ನಿಂತಿತು. ನಡುವೆ ಒಂದು ಮೊಳ ಮಣ್ಣು. ಮೇಲೆ ಅವನು, ಕೆಳಗೆ ನಾನು. ಅಜ್ಜ ಒಂದು ಬೊಗಸೆ ಕರಲು ಮಣ್ಣು ಹಾಕಿ ತುಳಿದ. ಹನಿ ನಿಧಾನವಾಯಿತು. ನಿಂತಿತು. ನಾವೆಲ್ಲ ಒಟ್ಟಿಗೆ “ನಿಂತ್ತೂ!” ಅಂತ ಕೂಗಿದೆವು. ಅಜ್ಜ ಇಳಿದು ಬಂದಾಗ ಅಜ್ಜಿ ಸೆರಗಿನಿಂದ ತಲೆ ಒರೆಸಿ, ಬೆಲ್ಲದ ಕಾಫಿ ಕೊಟ್ಟಳು. ಎಲ್ಲರಿಗೂ ಮಂಡಕ್ಕಿ. ಮಳೆಯ ಥಂಡಿಗೆ ಅದು ಮೆತ್ತಗಾಗಿತ್ತು, ಆದರೂ ತಿಂದೆವು. ಬೆಳಗಿನವರೆಗೂ ಯಾರೂ ಮಲಗಲಿಲ್ಲ.

ಇದನ್ನೆಲ್ಲ ನಾನು ಬರೆದೆ. ಅಪ್ಪನ ಅಂಗಡಿಯ ಅಳತೆ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಪೆನ್ಸಿಲ್‌ನಿಂದ ಬರೆದೆ. ಜೂನ್‌ನಲ್ಲಿ ಶಾಲೆಗೆ ತೆಗೆದುಕೊಂಡು ಹೋದೆ. ಮೇಷ್ಟ್ರಿಗೆ ವರ್ಗವಾಗಿತ್ತು. ಯಾವ ಊರಿಗೆ ಅಂತ ಕೇಳಿದೆ. ಹೆಸರು ಹೇಳಿದರು. ಹದಿನಾಲ್ಕು ವರ್ಷದ ಹುಡುಗಿಗೆ ಅದು ಮೈಸೂರಿಗಿಂತ ದೂರ ಅನ್ನಿಸಿತು. ಹೊಸದಾಗಿ ಬಂದವರು ಒಳ್ಳೆಯವರೇ, ಆದರೆ ರಜೆಯ ಪ್ರಬಂಧ ಬರೆಸಲಿಲ್ಲ. ಹತ್ತನೇ ಕ್ಲಾಸು, ಪಬ್ಲಿಕ್ ಪರೀಕ್ಷೆ ಅಂತ ನೇರ ಪಾಠಕ್ಕೇ ಇಳಿದರು. ಹಾಳೆಗಳು ನನ್ನ ಚೀಲದಲ್ಲೇ ಉಳಿದವು. ಒಂದು ವರ್ಷ ಇತ್ತು, ಆಮೇಲೆ ಎಲ್ಲಿ ಹೋಯಿತೋ.

ಮೇಷ್ಟ್ರೇ, ಆ ಹಾಳೆಗಳಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿದ್ದೆ ಅಂತ ನನಗೆ ಈಗಲೂ ಅನ್ನಿಸುತ್ತೆ. ನೋಡಿ ಒಂದು ತಿಂಗಳೂ ಆಗಿರಲಿಲ್ಲ ಆಗ.

ಅಜ್ಜ 1994ರಲ್ಲಿ ಹೋದ. ನಾಲ್ಕು ವರ್ಷದ ಮೇಲೆ ಮನೆ ಕೆಡವಿ ಆರ್‌ಸಿಸಿ ಕಟ್ಟಿದರು. ಕರಲು ಮಣ್ಣು ಹಾಕುವವರು ಇರಲಿಲ್ಲ, ಮನೆ ಸೋರುತ್ತಿತ್ತು. ಕೆಡವಿದ್ದು ತಪ್ಪು ಅನ್ನಲಾರೆ. ಬೇವಿನ ತೊಲೆಯೊಂದನ್ನು ಚಿಕ್ಕಪ್ಪ ಉಳಿಸಿಕೊಂಡು ಬಾಗಿಲ ಪಕ್ಕ ಕೂರಲು ಹಾಕಿದ್ದಾನೆ. ಹೊಸ ಮನೆಯ ತಾರಸಿಯಿಂದ ಈಗ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ರಾತ್ರಿ ಅವುಗಳ ಕೆಂಪು ದೀಪ ಹೊತ್ತಿ ಆರುತ್ತಿರುತ್ತೆ.

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ 130 ಅಡಿ ತುಂಬಿ ಕೋಡಿ ಬಿತ್ತು. 89 ವರ್ಷದ ಮೇಲೆ. ಸುದ್ದಿ ಕೇಳಿದ ಮಾರನೇ ದಿನ ಬೆಳಿಗ್ಗೆಯೇ ಹೊರಟೆ. ದಾರಿಯ ತುಂಬ ಜನ, ಬೈಕು, ಟ್ರ್ಯಾಕ್ಟರು, ಬುತ್ತಿ ಕಟ್ಟಿಕೊಂಡು ಬಂದ ಹಳ್ಳಿಯವರು. ಹೆಂಗಸರು ನೀರಿಗೆ ಅರಿಶಿನ ಕುಂಕುಮ ಬಿಡುತ್ತಿದ್ದರು. ನಾನೂ ಬಿಟ್ಟೆ. ಆಮೇಲೆ ದಾವಣಗೆರೆಗೆ ಅತ್ತೆಯ ಮಗಳಿಗೆ ಫೋನ್ ಮಾಡಿದೆ. ಅವಳಿಗೀಗ ಮೊಣಕಾಲು ನೋವು, ಓಡಾಡಲು ಆಗಲ್ಲ.

“ಕೋಡಿ ಬಿದ್ದೈತೆ ಕಣೇ” ಅಂದೆ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, “ಅಜ್ಜ ಕಿವಿ ಮುಚ್ಚಿ ಕೇಳಿಸಿದ್ದ ಅಲ್ವಾ, ಹಂಗೇ ಐತಾ?” ಅಂದಳು.

ನಾನು ಫೋನನ್ನು ನೀರಿನ ಕಡೆ ಹಿಡಿದೆ.